ಕದ್ದು ಕೇಳಿದ ಹುಡುಗಿ: ‘ಮೈ ಮಿಸ್ಟರ್’ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರು ‘ಅಳಿಸದೆ, ನಗಿಸದೆ, ಆದರೂ ಬಿಡದೆ ನೋಡಿಸಿಕೊಳ್ಳುವ ಕೊರಿಯನ್ ಸೀರಿಯಲ್ ಯಾವುದಿದೆ?’ ಅಂತ ಕೇಳಿದ್ದರು. ಒಂದೇ ಸಾಲಿನಲ್ಲಿ ‘ಮೈ ಮಿಸ್ಟರ್’, ಇಯರ್‌ಫೋನ್ ಹಾಕಿಕೊಂಡೇ ನೋಡಿ, ಡಬ್ಬಿಂಗ್ ಬೇಡ ಅಂತ ಬರೆದು ಮುಂದಕ್ಕೆ ಹೋಗಿದ್ದೆ. ಅಳಿಸದೆ ಅನ್ನುವುದು ಸುಳ್ಳಾಯಿತು, ಅದಕ್ಕೆ ಕ್ಷಮೆ ಇರಲಿ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಹೆಚ್ಚಿನವರದು ಒಂದೇ ಮಾತು: ಇವರೆಲ್ಲ ಯಾಕೆ ಹೀಗೆ ಆಡುತ್ತಾರೆ? ಹಾಗಾಗಿ ಈ ಸಲ ಪೂರ್ತಿ ಜಾಗ ಇದೊಂದಕ್ಕೇ.

ನೋಡದವರಿಗೆ ಎರಡು ಮಾತು. 2018ರ ಮಾರ್ಚ್‌ನಿಂದ ಮೇವರೆಗೆ ಟಿವಿಎನ್ ಚಾನೆಲ್ಲಿನಲ್ಲಿ ಬಂದ 16 ಕಂತಿನ ಧಾರಾವಾಹಿ. ಬರೆದವರು ಪಾರ್ಕ್ ಹೆಯಂಗ್, ನಿರ್ದೇಶಕ ಕಿಮ್ ವನ್‌ಸೊಕ್. ಸೋಲ್ ನಗರದ ಒಂದು ಕಟ್ಟಡ ಕಂಪನಿಯಲ್ಲಿ ದೋಂಗ್‌ಹುನ್ ಅಂತ ನಲವತ್ತೈದರ ಆಸುಪಾಸಿನ ಸ್ಟ್ರಕ್ಚರಲ್ ಇಂಜಿನಿಯರ್. ಅದೇ ಆಫೀಸಿನಲ್ಲಿ ಜಿಆನ್ ಅಂತ 21ರ ಹುಡುಗಿ, ಟೆಂಪರರಿ ಕೆಲಸ. ಕಂಪನಿಯ ಮುಖ್ಯಸ್ಥ ಜುನ್‌ಯಂಗ್ ಕಾಲೇಜಿನಲ್ಲಿ ದೋಂಗ್‌ಹುನ್‌ಗಿಂತ ಜೂನಿಯರ್. ಈಗ ಅವನಿಗೇ ಬಾಸ್, ಸಾಲದ್ದಕ್ಕೆ ಅವನ ಹೆಂಡತಿಯ ಜೊತೆ ಸಂಬಂಧ. ದೋಂಗ್‌ಹುನ್‌ನನ್ನು ಆಫೀಸಿನಿಂದ ಓಡಿಸಬೇಕು, ಅದಕ್ಕೆ ಜಿಆನ್ ದುಡ್ಡು ತಗೊಂಡು ಅವನ ಫೋನಿಗೆ ಕದ್ದು ಕೇಳುವ ಪ್ರೋಗ್ರಾಂ ಹಾಕುತ್ತಾಳೆ. ಇಲ್ಲಿಂದ ಮುಂದೆ ಕಥೆ ಪೂರ್ತಿ ಬಿಚ್ಚಿಡುತ್ತೇನೆ. ನೋಡಬೇಕು ಅಂತಿರುವವರು ಪುಟ ಮಗುಚಿ.

*ಅಕ್ಕಾ, ನಾಲ್ಕು ಎಪಿಸೋಡ್ ನೋಡಿದೆ. ಹುಡುಗಿ ಕದಿಯುತ್ತಾಳೆ, ಸುಳ್ಳು ಹೇಳುತ್ತಾಳೆ, ಪಾಪದ ಮನುಷ್ಯನ ಕೆಲಸ ಕಳೆಯಲು ಒಪ್ಪಂದ ಮಾಡಿಕೊಳ್ಳುತ್ತಾಳೆ. ಇವಳು ಹೀರೋಯಿನ್ನಾ? ಇವಳ ಮೇಲೆ ಕನಿಕರ ಹೇಗೆ ಬರಬೇಕು? (ಓದುಗ, ಮಂಡ್ಯ)*

ಕನಿಕರ ಬರಲಿ ಅಂತ ಅವಳೂ ಕೇಳಿಲ್ಲ, ಬರೆದವರೂ ಕೇಳಿಲ್ಲ. ಮೊದಲ ಎರಡು ಕಂತಿನಲ್ಲಿ ಅವಳ ಬಾಯಿ ನೋಡಬೇಡಿ, ಕೈ ನೋಡಿ. ಆಫೀಸಿನ ಕಾಫಿ ಮಿಕ್ಸ್ ಪ್ಯಾಕೆಟ್‌ಗಳು ಬ್ಯಾಗಿಗೆ ಹೋಗುತ್ತವೆ. ರಾತ್ರಿ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಗಿರಾಕಿಗಳು ಬಿಟ್ಟುಹೋದ ತಟ್ಟೆಯಿಂದ ಉಳಿದದ್ದನ್ನು ಎತ್ತಿಟ್ಟುಕೊಳ್ಳುತ್ತಾಳೆ. ಮನೆಗೆ ಬಂದು ಕತ್ತಲಲ್ಲಿ ಎರಡು ಪ್ಯಾಕೆಟ್ ಒಂದೇ ಲೋಟಕ್ಕೆ ಸುರಿದು ಕುಡಿಯುತ್ತಾಳೆ. ಮನೆಯಲ್ಲಿ ಕಿವಿ ಕೇಳದ, ಮಾತು ಬಾರದ ಅಜ್ಜಿ. ತಲೆ ಮೇಲೆ ಬಡ್ಡಿ ಸಾಲ. ಸಾಲ ಕೊಟ್ಟವನ ಮಗ ಕ್ವಾಂಗಿಲ್ ಬಂದು ಹೊಡೆದು ಹೋಗುತ್ತಾನೆ. ಇಷ್ಟಕ್ಕೆಲ್ಲ ಒಂದು ಸಾಲಿನ ವಿವರಣೆಯೂ ಇಲ್ಲ, ಹಿನ್ನೆಲೆಯಲ್ಲಿ ಪಿಟೀಲೂ ಕುಯ್ಯುವುದಿಲ್ಲ.

ಆಮೇಲೆ ಆ ಲಂಚದ ಪ್ರಸಂಗ. ಬೇರೊಬ್ಬ ಅಧಿಕಾರಿಗೆ ತಲುಪಬೇಕಾದ 5 ಕೋಟಿ ವನ್ (ಅಲ್ಲಿಯ ದುಡ್ಡು) ಬೆಲೆಯ ಗಿಫ್ಟ್ ವೋಚರ್‌ಗಳು ತಪ್ಪಿ ದೋಂಗ್‌ಹುನ್ ಕೈಗೆ ಬರುತ್ತವೆ. ಆ ಅಧಿಕಾರಿ ಪಾರ್ಕ್ ದೋಂಗ್‌ಉನ್, ಇವನು ಪಾರ್ಕ್ ದೋಂಗ್‌ಹುನ್. ಹೆಸರು ಅಷ್ಟೇ ಆಚೀಚೆ. ಇವನು ಏನು ಮಾಡುವುದು ಅಂತ ತಿಳಿಯದೆ ಡ್ರಾಯರಿನಲ್ಲಿ ತುರುಕುತ್ತಾನೆ, ಅವಳು ನೋಡುತ್ತಾಳೆ, ಎತ್ತುತ್ತಾಳೆ. ಆ ವೋಚರ್‌ಗಳಿಂದ ಸಾಲ ತೀರುವುದಿಲ್ಲ ಅಂತ ಗೊತ್ತಾದಾಗ ಬಿಸಾಡುತ್ತಾಳೆ. ನಂತರ ನೇರವಾಗಿ ಬಾಸ್ ಹತ್ತಿರ ಹೋಗಿ ದರ ಹೇಳುತ್ತಾಳೆ: ಇಬ್ಬರು ಪಾರ್ಕ್‌ಗಳನ್ನು ಆಫೀಸಿನಿಂದ ಓಡಿಸಿಕೊಡುತ್ತೇನೆ, ತಲೆಗೆ 1 ಕೋಟಿ ವನ್. ಗಾರೆ ಕೆಲಸದವರು ಚದರಕ್ಕೆ ಇಷ್ಟು ಅಂತ ಹೇಳುವ ಹಾಗೆ. ದ್ವೇಷ ಇಲ್ಲ, ಆಸೆಯೂ ಇಲ್ಲ. ಬರೀ ಲೆಕ್ಕ.

ಆ ಲೆಕ್ಕ ಎಲ್ಲಿಂದ ಬಂತು ಅನ್ನುವುದನ್ನು ಅವಳೇ ಬಹಳ ಆಮೇಲೆ ಹೇಳುತ್ತಾಳೆ. ಇವಳಿಗೆ ಸಹಾಯ ಮಾಡಿದವರು ಇರಲಿಲ್ಲ ಅಂತೇನಲ್ಲ. ಒಂದು ಸಲ, ಎರಡು ಸಲ, ಮೂರು, ನಾಲ್ಕು. ಎಷ್ಟು ಮಾಡಿದರೂ ಇವಳ ಬದುಕು ಮೇಲೆ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಜಾಗ ಖಾಲಿ ಮಾಡಿದರು. ನಾಲ್ಕಕ್ಕಿಂತ ಹೆಚ್ಚು ಸಲ ಒಳ್ಳೆಯದು ಮಾಡಿದ ಮೊದಲ ಮನುಷ್ಯ ದೋಂಗ್‌ಹುನ್. ನೋಡಿ, ಒಳ್ಳೆಯತನವನ್ನೂ ಎಣಿಸಿಟ್ಟುಕೊಂಡಿದ್ದಾಳೆ, ಬಡ್ಡಿ ಎಣಿಸಿದ ಹಾಗೇ.

*ನಮ್ಮಮ್ಮ ಒಂದೇ ಮಾತು ಕೇಳಿದರು: ‘ಅವನಿಗೆ ಅವಳ ಮೇಲೆ ಕಣ್ಣಾ?’ ನನಗೆ ಉತ್ತರ ಹೇಳಲು ಬರಲಿಲ್ಲ. ಇದು ಪ್ರೀತಿಯಾ, ತಂದೆ ಮಗಳ ಹಾಗಾ, ಏನಿದು? (ಓದುಗಿ, ದಾವಣಗೆರೆ)*

ಅಮ್ಮ ಒಬ್ಬರೇ ಅಲ್ಲ, ಅಲ್ಲಿಯ ಜನ ಕೂಡ ಇದನ್ನೇ ಕೇಳಿದ್ದರು. ನಲವತ್ತು ದಾಟಿದ ಗಂಡಸು, ಇಪ್ಪತ್ತೊಂದರ ಹುಡುಗಿ ಅಂದ ಕೂಡಲೇ ಶುರುವಿನಲ್ಲೇ ಜೋರು ಟೀಕೆ ಬಂತು. ಮೊದಲ ಕಂತಿನಲ್ಲಿ ಹುಡುಗಿಗೆ ಹೊಡೆಯುವ ದೃಶ್ಯಕ್ಕೂ ಬಂತು. ಅನುಮಾನ ಪಟ್ಟವರು ದಡ್ಡರಲ್ಲ. ಅದೇ ಅನುಮಾನವನ್ನು ಕಥೆಯೇ ತನ್ನೊಳಗೆ ಇಟ್ಟುಕೊಂಡಿದೆ: ಅವಳು ಬೀದಿಯಲ್ಲಿ ಅವನಿಗೆ ಮುತ್ತಿಡುವುದು ಫೋಟೊ ತೆಗೆಸಲು, ಅವನ ಹೆಸರು ಕೆಡಿಸಲು. ಜನ ಏನು ಅಂದುಕೊಳ್ಳುತ್ತಾರೆ ಅಂತ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮೂಲ ಹೆಸರು ‘ನಾಉಯ್ ಅಜೊಶಿ’. ‘ನನ್ನ ಅಜೊಶಿ’ ಅಂತ. (ಅವರು ಬೇಗ ಹೇಳಿದಾಗ ಮೊದಲ ಸಲ ನನಗೆ ‘ನಾಯಿ’ ಅಂತಲೇ ಕೇಳಿಸಿತು, ಯಾರಿಗೂ ಹೇಳಬೇಡಿ.) ಅಜೊಶಿ ಅಂದರೆ ರಕ್ತ ಸಂಬಂಧ ಇಲ್ಲದ ನಡುವಯಸ್ಸಿನ ಯಾವ ಗಂಡಸೂ ಆಗಬಹುದು. ಅಂಗಡಿಯವನು, ಬಸ್ಸಿನವನು, ಎದುರುಮನೆಯವನು. ನಮ್ಮ ‘ಅಂಕಲ್’ ಹಾಗೆ ಅನ್ನಬಹುದು. ಇಂಗ್ಲಿಷಿನ ‘ಮಿಸ್ಟರ್’ನಲ್ಲಿ ಅರ್ಧ ಬಣ್ಣ ಹೋಗಿದೆ. ಯಾರೂ ಅಲ್ಲದವನ ಮುಂದೆ ‘ನನ್ನ’ ಅಂತ ಸೇರಿಸಿದ್ದರಲ್ಲಿ ಇಡೀ ಕಥೆ ಇದೆ.

ನನ್ನ ಅಭಿಪ್ರಾಯ ಕೇಳಿದರೆ: ಅವಳ ಕಡೆಯಿಂದ ಪ್ರೀತಿ ಇದೆ, ಅವಳು ಅದನ್ನು ಮುಚ್ಚಿಡುವುದೂ ಇಲ್ಲ. ಅವನ ಕಡೆಯಿಂದ ಇರುವುದು ಆ ಜಾತಿಯದಲ್ಲ. ಆದರೆ ಇಬ್ಬರನ್ನೂ ಬದಲಿಸುವುದು ಪ್ರೀತಿ ಅಲ್ಲ, ಕೇಳಿಸಿಕೊಳ್ಳುವುದು. ದುಡ್ಡಿಗಾಗಿ ಕದ್ದು ಕೇಳಲು ಕೂತವಳು ಬೆಳಿಗ್ಗೆಯಿಂದ ರಾತ್ರಿವರೆಗೆ ಒಬ್ಬ ಮನುಷ್ಯನ ಬದುಕನ್ನು ಕಿವಿಯಲ್ಲಿ ಇಟ್ಟುಕೊಂಡು ಓಡಾಡುತ್ತಾಳೆ. ಅವನ ನಿಟ್ಟುಸಿರು, ಅಣ್ಣತಮ್ಮಂದಿರ ಜೊತೆ ಕುಡಿಯುವಾಗಿನ ಹರಟೆ, ಅಮ್ಮನಿಗೆ ಮಾಡುವ ಫೋನು, ರಾತ್ರಿ ಒಬ್ಬನೇ ನಡೆದು ಬರುವ ಹೆಜ್ಜೆ ಸದ್ದು. ಎದುರಿಗೆ ಒಳ್ಳೆಯವರಾಗಿ ನಟಿಸುವವರನ್ನು ಅವಳು ಸಾಕಷ್ಟು ನೋಡಿದ್ದಾಳೆ. ಯಾರೂ ನೋಡದಿದ್ದಾಗಲೂ ಹಾಗೇ ಇರುವವನನ್ನು ಕೇಳಿದ್ದು ಇದೇ ಮೊದಲು. ಸಿಕ್ಕಿಬಿದ್ದು ಓಡಿಹೋದ ಮೇಲೆ ಫೋನಿನಲ್ಲಿ ಅವಳು ಹೇಳುವುದು ಕೂಡ ಇದನ್ನೇ: ನಿಮ್ಮ ಸದ್ದೆಲ್ಲ ನನಗೆ ಇಷ್ಟ ಆಯಿತು, ಮಾತು, ಯೋಚನೆ, ಹೆಜ್ಜೆ ಸದ್ದು, ಎಲ್ಲ. ಮನುಷ್ಯ ಅಂದರೆ ಏನು ಅಂತ ಮೊದಲ ಸಲ ನೋಡಿದ ಹಾಗಾಯಿತು ಅಂತ. ಕದ್ದು ಕೇಳಿದ್ದು ತಪ್ಪೇ. ಆ ತಪ್ಪಿನಿಂದಲೇ ಅವಳು ಉಳಿದಳು. ಕಥೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದೆ, ನಾವೂ ಇಟ್ಟುಕೊಳ್ಳಬೇಕು.

ಅಮ್ಮನಿಗೆ ಹೇಳಿ: ಅವನ ಕಣ್ಣು ಅವಳ ಮೇಲಲ್ಲ, ಚಳಿಗಾಲದಲ್ಲೂ ಬರಿದಾಗಿರುವ ಅವಳ ಕಣಕಾಲಿನ ಮೇಲೆ. ಈ ಹುಡುಗಿಗೆ ಬೆಚ್ಚಗಿನ ಬಟ್ಟೆ ಇಲ್ಲವಲ್ಲ ಅಂತ.

*ಹೆಂಡತಿ ಯಾರ ಜೊತೆ ಇದ್ದಾಳೆ ಅಂತ ಗೊತ್ತಾದ ಮೇಲೂ ಈ ಮನುಷ್ಯ ಮನೆಗೆ ಹೋಗಿ ಸುಮ್ನೆ ಊಟ ಮಾಡುತ್ತಾನೆ. ಇದೇನು ಸಹನೆಯಾ, ಹೇಡಿತನವಾ? ನನಗಂತೂ ಟಿವಿ ಒಡೆಯಬೇಕು ಅನ್ನಿಸಿತು. (ಓದುಗ, ಹುಬ್ಬಳ್ಳಿ)*

ಟಿವಿ ಒಡೆಯಬೇಡಿ ಸರ್, ಇನ್ನೂ ನೋಡಬೇಕಾದ್ದು ಬಹಳ ಇದೆ. ಸಹನೆಯೂ ಅಲ್ಲ, ಹೇಡಿತನವೂ ಅಲ್ಲ, ಅವನದೇ ಒಂದು ಸಿದ್ಧಾಂತ: ಯಾರಿಗೂ ಗೊತ್ತಾಗದಿದ್ದರೆ ಏನೂ ಆಗಿಲ್ಲ.

ಇದು ಅರ್ಥವಾಗಬೇಕಾದರೆ ಸುತ್ತಿಗೆಯ ದೃಶ್ಯ ನೋಡಬೇಕು. ದೋಂಗ್‌ಹುನ್‌ನ ಅಣ್ಣ ಸಾಂಗ್‌ಹುನ್, ವ್ಯಾಪಾರ ಕೈಕೊಟ್ಟು, ಹೆಂಡತಿ ಬೇರೆಯಾಗಿ, ಅಮ್ಮನ ಮನೆಗೆ ಬಂದು ಬಿದ್ದವನು. ಕೊನೆಯ ತಮ್ಮ ಕಿಹುನ್ ಜೊತೆ ಕಟ್ಟಡಗಳ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ಶುರು ಮಾಡುತ್ತಾನೆ. ಅಲ್ಲೊಬ್ಬ ಕಟ್ಟಡದ ಮಾಲೀಕನ ಮುಂದೆ ಇವನು ಮೊಣಕಾಲೂರಿ ಕ್ಷಮೆ ಕೇಳುವ ಪ್ರಸಂಗ ಬರುತ್ತದೆ. ಮಗನಿಗೆ ಊಟ ತಂದ ಅಮ್ಮ ಅದನ್ನು ನೋಡಿಬಿಡುತ್ತಾಳೆ. ವಿಷಯ ತಿಳಿದ ದೋಂಗ್‌ಹುನ್ ಸೂಟು ಹಾಕಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಆ ಮಾಲೀಕನ ಹತ್ತಿರ ಹೋಗುತ್ತಾನೆ. ಅವನ ಮೈ ಮುಟ್ಟುವುದಿಲ್ಲ. ಗೋಡೆಗೆ ಹೊಡೆಯುತ್ತಾನೆ. ಇಂಜಿನಿಯರ್ ಅಲ್ವಾ, ಎಲ್ಲಿ ಕಳಪೆ ಮಾಲು ಹಾಕಿದ್ದಾನೆ ಅಂತ ಸದ್ದಿನಲ್ಲೇ ಗೊತ್ತಾಗುತ್ತದೆ. ಆಗ ಹೇಳುವ ಮಾತು ಮುಖ್ಯ. ನಾನೂ ಮೊಣಕಾಲೂರಿದ್ದೇನೆ, ಕಪಾಳಕ್ಕೆ ತಿಂದಿದ್ದೇನೆ, ಬೈಸಿಕೊಂಡಿದ್ದೇನೆ, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ತಿನ್ನಲು ಏನಾದರೂ ಕಟ್ಟಿಸಿಕೊಂಡು ಮನೆಗೆ ಹೋಗಿದ್ದೇನೆ. ಆದರೆ ಮನೆಯವರ ಕಣ್ಣೆದುರು ಹಾಗೆ ಮಾಡಿಸಿದರೆ ಅದು ‘ಏನೂ ಅಲ್ಲ’ ಆಗುವುದಿಲ್ಲ.

ಈಗ ಹೆಂಡತಿಯ ವಿಷಯಕ್ಕೆ ಬನ್ನಿ. ಜುನ್‌ಯಂಗ್‌ಗೆ ಅವನು ಹೇಳುವುದು ಇಷ್ಟೇ: ಅವಳನ್ನು ಬಿಡು, ಆದರೆ ನನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಾಗಬಾರದು. ನಿಮಗೆ ಸಿಟ್ಟು ಬಂದಿದ್ದು ಇಲ್ಲೇ ಇರಬೇಕು. ಅವನ ಲೆಕ್ಕದಲ್ಲಿ ಅವಳಿಗೆ ಗೊತ್ತಾದ ಕ್ಷಣವೇ ಮನೆ ಮುರಿಯುತ್ತದೆ. ಇನ್ನೊಂದು ವಿಷಯವೂ ಇದೆ. ಕೊರಿಯಾದಲ್ಲಿ ಕಾಲೇಜಿನ ಸೀನಿಯರ್ ಅಂದರೆ ಜೀವನಪೂರ್ತಿ ಸೀನಿಯರ್, ಮಾತಾಡುವ ಧಾಟಿಯೇ ಬೇರೆ. ಜೂನಿಯರ್ ಬಾಸ್ ಆದ ದಿನವೇ ಇಬ್ಬರಿಗೂ ಮುಜುಗರ. ಡಿಸೈನ್ ವಿಭಾಗದವನನ್ನು ಹಳೇ ಕಟ್ಟಡದ ಬಿರುಕು ನೋಡುವ ತಂಡಕ್ಕೆ ತಳ್ಳಿದ್ದೂ ಅದಕ್ಕೇ. ಕಣ್ಣೆದುರು ಇರಬಾರದು ಅಂತ.

ಈ ‘ಯಾರಿಗೂ ಗೊತ್ತಾಗದಿದ್ದರೆ ಏನೂ ಅಲ್ಲ’ವನ್ನು ಅವನು ಜಿಆನ್‌ಗೂ ಬೋಧಿಸುತ್ತಾನೆ. ಅವಳು ಕೊಡುವ ಉತ್ತರ ನನಗೆ ಇಡೀ ಧಾರಾವಾಹಿಯಲ್ಲೇ ಅತ್ಯಂತ ಇಷ್ಟ. ಹಾಗಾದರೆ ಗೊತ್ತಾಗುವವರೆಗೂ ಹೆದರಿಕೆ ತಾನೆ, ಸಿಕ್ಕವರೆಲ್ಲರನ್ನೂ ನೋಡಿ ಇವನಿಗೆ ಯಾವಾಗ ಗೊತ್ತಾಗುತ್ತೋ, ಆಗಲೇ ಗೊತ್ತಿದೆಯೋ ಅಂತ. ಅದಕ್ಕಿಂತ ಗ್ವಾಂಗ್‌ಹ್ವಾಮುನ್ ಚೌಕದ ದೊಡ್ಡ ಪರದೆಯ ಮೇಲೆ ಹಾಕಿ ಎಲ್ಲರಿಗೂ ಒಮ್ಮೆಗೇ ಗೊತ್ತಾಗಿಬಿಡಲಿ ಅಂತ ಕೆಲವು ಸಲ ಅನ್ನಿಸುತ್ತೆ ಅನ್ನುತ್ತಾಳೆ. ಕೊಲೆ ಮಾಡಿದ ಹುಡುಗಿ ಅನ್ನುವ ಹೆಸರು ಹೊತ್ತು ಕೆಲಸದಿಂದ ಕೆಲಸಕ್ಕೆ ಓಡಿದವಳು ಅವಳು. ಸಾಲ ಕೊಟ್ಟು ಅಜ್ಜಿಗೆ ಹೊಡೆಯುತ್ತಿದ್ದ ಕ್ವಾಂಗಿಲ್‌ನ ಅಪ್ಪನಿಗೆ ಚಾಕು ಹಾಕಿದ್ದು, ಆತ್ಮರಕ್ಷಣೆ ಅಂತ ಕೋರ್ಟೇ ಬಿಟ್ಟಿದೆ. ಆದರೂ ಹೆಸರು ಹೋಗಲಿಲ್ಲ. ವಯಸ್ಸಿನಲ್ಲಿ ಅರ್ಧದಷ್ಟು ಇರುವ ಹುಡುಗಿ ಅವನ ಸಿದ್ಧಾಂತದ ತಳವನ್ನೇ ಎಳೆದು ಹಾಕುತ್ತಾಳೆ, ಅದೂ ಯಾವ ಗತ್ತೂ ಇಲ್ಲದೆ.

*ಎಲ್ಲರೂ ಗಂಡನಿಗೆ ಮರುಗುತ್ತಾರೆ. ಹೆಂಡತಿ ಯುನ್‌ಹಿ ಬಗ್ಗೆ ಒಬ್ಬರೂ ಒಳ್ಳೆ ಮಾತಾಡಿಲ್ಲ. ನನಗೆ ಅವಳೂ ಸ್ವಲ್ಪ ಅರ್ಥವಾಗುತ್ತಾಳೆ, ನಾನು ಕೆಟ್ಟವಳಾ? (ಹೆಸರು ಬೇಡ, ಮೈಸೂರು)*

ಛೆ, ಇದರಲ್ಲಿ ಕೆಟ್ಟದ್ದೇನು. ನಿಮ್ಮ ಪತ್ರ ಓದಿ ಖುಷಿಯಾಯಿತು. ವಕೀಲೆಯಾಗಿ ದುಡಿಯುವ ಹೆಂಗಸು. ಗಂಡ ಒಳ್ಳೆಯವನು, ಊರೇ ಹೇಳುತ್ತದೆ. ಆದರೆ ಆ ಒಳ್ಳೆಯತನ ಮೊದಲು ಅಮ್ಮನಿಗೆ, ಆಮೇಲೆ ಅಣ್ಣತಮ್ಮನಿಗೆ, ಆಮೇಲೆ ಆ ಹಳೇ ಬೀದಿಯ ಗೆಳೆಯರಿಗೆ, ಇವಳ ಸರದಿ ಬರುವಷ್ಟರಲ್ಲಿ ಪಾತ್ರೆ ಖಾಲಿ. ದಿನಾ ಸಂಜೆ ಗುಂಪು ಕಟ್ಟಿಕೊಂಡು ಜಂಗ್‌ಹಿಯ ಬಾರಿನಲ್ಲಿ ಕೂರುವವನನ್ನು ಮನೆಯಲ್ಲಿ ಒಬ್ಬಳೇ ಕಾಯುವುದು ಏನು ಅಂತ ಗೊತ್ತಿರುವವರು ನಮ್ಮಲ್ಲೂ ಇದ್ದಾರೆ. ಗಂಡ ಕುಡುಕನಲ್ಲ, ಹೊಡೆಯುವುದಿಲ್ಲ, ಹಾಗಾಗಿ ದೂರು ಹೇಳಲೂ ಬಾಯಿ ಇಲ್ಲ.

ಹಾಗಂತ ಕಥೆ ಅವಳನ್ನು ಸುಲಭವಾಗಿ ಬಿಡುವುದಿಲ್ಲ. ಕೊನೆಗೆ ಎಲ್ಲ ಬಯಲಾದ ರಾತ್ರಿ ಅವನು ಕೇಳುವುದು ‘ಯಾಕೆ ಮೋಸ ಮಾಡಿದೆ’ ಅಂತಲ್ಲ. ಅದೂ ಆ ಮನುಷ್ಯನ ಜೊತೆ ಯಾಕೆ ಅಂತ. ನೀನು ಹಾಗೆ ಮಾಡಿದ ಕ್ಷಣ ನನಗೆ ಮರಣದ ಶಿಕ್ಷೆ ಬರೆದೆ, ನೀನು ಇಷ್ಟಕ್ಕೇ ಲಾಯಕ್ಕು, ಬೆಲೆಯಿಲ್ಲದವನು, ಸತ್ತುಹೋಗು ಅಂದೆ ಅನ್ನುತ್ತಾನೆ. ಅಷ್ಟು ಕಂತು ಬಾಯಿ ಮುಚ್ಚಿಕೊಂಡಿದ್ದವನ ಗಂಟಲು ಆಗ ಒಡೆಯುತ್ತದೆ. ಯುನ್‌ಹಿ ಪಾತ್ರ ಮಾಡಿದ ಲೀ ಜಿಆ ಆ ದೃಶ್ಯದಲ್ಲಿ ಒಂದು ಮಾತಿನ ಸಮರ್ಥನೆಗೂ ಹೋಗದೆ ಎದುರಿಗೆ ಕುಗ್ಗುತ್ತಾ ಹೋಗುವುದು ನೋಡಿ. ಅವರಿಗೆ ಸಿಗಬೇಕಾದಷ್ಟು ಹೊಗಳಿಕೆ ಸಿಗಲಿಲ್ಲ ಅಂತ ನನ್ನ ತಕರಾರು.

*ಜಿಆನ್ ಪಾತ್ರ ಮಾಡಿರುವ ಐಯು ಹಾಡುವವಳು ಅಂತ ಗೊತ್ತು, ಮಗಳ ಫೋನಿನಲ್ಲೆಲ್ಲ ಅವಳೇ. ಆದರೆ ಇದರಲ್ಲಿ ಮುಖದಲ್ಲಿ ಏನೂ ಇಲ್ಲ. ಒಂದೇ ಭಾವ. ಇದನ್ನು ಯಾಕೆ ದೊಡ್ಡ ನಟನೆ ಅನ್ನುತ್ತಾರೆ? (ಓದುಗ, ತುಮಕೂರು)*

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ, ಉತ್ತರ ಉದ್ದ ಆದರೆ ಬೇಸರ ಮಾಡಬೇಡಿ.

2008ರಲ್ಲಿ ಹದಿಹರೆಯದಲ್ಲೇ ಗಾಯಕಿಯಾಗಿ ಬಂದವಳು. ನಟನೆಗೆ ಇಳಿದ ಮೇಲೆ 2016ರ ಒಂದು ರಾಜರ ಕಾಲದ ಧಾರಾವಾಹಿಗೆ ಸಾಕಷ್ಟು ಬೈಸಿಕೊಂಡಳು, ಭಾವ ಜಾಸ್ತಿ ಆಯಿತು ಅಂತ. ಇಲ್ಲಿ ನಿಮ್ಮ ದೂರು ಭಾವ ಕಡಿಮೆ ಆಯಿತು ಅಂತ. ಪಾಪ, ಏನು ಮಾಡಬೇಕು!

ಜಿಆನ್ ಮುಖ ಖಾಲಿ ಇರುವುದಕ್ಕೆ ಕಾರಣ ಇದೆ. ಚಿಕ್ಕಂದಿನಿಂದ ಹೊಡೆತ ತಿಂದವರು ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ. ತೋರಿಸಿದರೆ ಇನ್ನೂ ಹೊಡೆಯುತ್ತಾರೆ. ಹಾಗಾಗಿ ಅವಳ ನಟನೆ ಮುಖದಲ್ಲಿಲ್ಲ, ತಡದಲ್ಲಿದೆ. ಮಾತು ಕೇಳಿದ ಮೇಲೆ ಉತ್ತರ ಕೊಡಲು ಎಷ್ಟು ಹೊತ್ತು ತಗೊಳ್ಳುತ್ತಾಳೆ ನೋಡಿ. ಶುರುವಿನ ಕಂತುಗಳಲ್ಲಿ ಉತ್ತರ ತಟಕ್ಕನೆ ಬರುತ್ತದೆ, ಕತ್ತರಿಸಿದ ಹಾಗೆ. ಹೋಗುತ್ತಾ ಹೋಗುತ್ತಾ ಅರೆಕ್ಷಣ ನಿಲ್ಲಲು ಶುರು ಮಾಡುತ್ತಾಳೆ. ಎದುರಿನವನ ಮಾತು ಒಳಗೆ ಹೋಗುತ್ತಿದೆ ಅಂತ ಅರ್ಥ.

ಒಂದು ದೃಶ್ಯ ಹೇಳುತ್ತೇನೆ. ಅಜ್ಜಿಗೆ ಚಂದ್ರನನ್ನು ನೋಡುವ ಆಸೆ. ನಡೆಯಲಾಗದ ಅಜ್ಜಿಯನ್ನು ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ಕೂರಿಸಿ ಜಿಆನ್ ತಳ್ಳಿಕೊಂಡು ಹೋಗುತ್ತಾಳೆ. ದಾರಿಯಲ್ಲಿ ದೋಂಗ್‌ಹುನ್ ನೋಡುತ್ತಾನೆ. ವಾಪಸ್ ಬರುವಾಗ ಅಜ್ಜಿಯನ್ನು ಹೊತ್ತು ಮೆಟ್ಟಿಲು ಹತ್ತಿಸುತ್ತಾನೆ. ಹೊರಡುವಾಗ ಒಂದೇ ಶಬ್ದ: ‘ಛಾಖಾದಾ.’ ಒಳ್ಳೆಯವಳು ನೀನು ಅನ್ನುವ ಹಾಗೆ, ಚಿಕ್ಕ ಮಕ್ಕಳ ತಲೆ ಸವರಿ ಹೇಳುವ ಮಾತು. ಬೇರೆ ಧಾರಾವಾಹಿ ಆಗಿದ್ದರೆ ಅವಳ ಕಣ್ಣು ತುಂಬಿ, ಸಂಗೀತ ಏರಿ, ಕ್ಯಾಮೆರಾ ಮೂರು ಸುತ್ತು ಹಾಕುತ್ತಿತ್ತು. ಇವಳು ಸುಮ್ಮನೆ ನಿಲ್ಲುತ್ತಾಳೆ, ಅಷ್ಟೇ. ಆ ಶಬ್ದವನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯದವಳ ಹಾಗೆ. ಯಾರೋ ಕೈಗೆ ಬೆಲೆಬಾಳುವ ವಸ್ತು ಕೊಟ್ಟರೆ ಅದನ್ನು ಇಡಲು ಮನೆಯಲ್ಲಿ ಜಾಗ ಇಲ್ಲದಿದ್ದಾಗ ನಿಲ್ಲುತ್ತೇವಲ್ಲ, ಹಾಗೆ.

ಅದೆಲ್ಲ ಕಟ್ಟಿಟ್ಟಿದ್ದು ಒಡೆಯುವುದು ಒಂಬತ್ತನೇ ಕಂತಿನಲ್ಲಿ. ಅವಳ ಪರವಾಗಿ ದೋಂಗ್‌ಹುನ್ ಸಾಲ ವಸೂಲಿಯ ಕ್ವಾಂಗಿಲ್ ಹತ್ತಿರ ಹೋಗಿ ಹೊಡೆದಾಡುತ್ತಾನೆ. ಅವಳು ಕೊಲೆಗಾರ್ತಿ, ನಮ್ಮಪ್ಪನನ್ನು ಕೊಂದವಳು ಅಂತ ಅವನು ಕಿರುಚುತ್ತಾನೆ. ಇಯರ್‌ಫೋನಿನಲ್ಲಿ ಕೇಳುತ್ತಿರುವ ಜಿಆನ್ ಬೀದಿಯಲ್ಲಿ ನಿಲ್ಲುತ್ತಾಳೆ. ಈಗ ಇವನೂ ಹೋಗುತ್ತಾನೆ, ಐದನೇ ಸಲ ಇಲ್ಲ ಅಂತ ಅವಳಿಗೆ ಖಾತ್ರಿ. ಆದರೆ ಕಿವಿಯಲ್ಲಿ ಬರುವುದು ದೋಂಗ್‌ಹುನ್‌ನ ಕೂಗು: ನಾನಾಗಿದ್ದರೂ ಕೊಲ್ಲುತ್ತಿದ್ದೆ, ನನ್ನ ಮನೆಯವರಿಗೆ ಹೊಡೆದವರನ್ನು ಕೊಲ್ಲುತ್ತೇನೆ! ಅವಳು ರಸ್ತೆಯಲ್ಲೇ ಕುಕ್ಕರಿಸಿ ಕೂತು ಅಳುತ್ತಾಳೆ. ಚಂದ ಕಾಣುವ ಅಳು ಅಲ್ಲ, ಬಾಯಿ ಸೊಟ್ಟಗಾಗುವ ಅಳು. ನೆನಪಿಡಿ, ಆ ದೃಶ್ಯದಲ್ಲಿ ಅವಳ ಎದುರಿಗೆ ಯಾರೂ ಇಲ್ಲ. ಕಿವಿಗೆ ಸಿಕ್ಕಿಸಿದ ತಂತಿ ಒಂದು ಬಿಟ್ಟರೆ. ಅಷ್ಟು ಕಂತು ಮುಖ ಖಾಲಿ ಇಟ್ಟಿದ್ದಕ್ಕೇ ಅದು ಅಷ್ಟು ಹೊಡೆಯುತ್ತದೆ.

ಜಪಾನಿನ ನಿರ್ದೇಶಕ ಕೊರೆಎದಾ ಇದನ್ನು ನೋಡಿಯೇ ಐಯು ಅಭಿಮಾನಿಯಾಗಿ ತಮ್ಮ ಕೊರಿಯನ್ ಚಿತ್ರಕ್ಕೆ ಕರೆದರು. ಮಗಳ ಫೋನು ಒಮ್ಮೆ ಇಸಕೊಂಡು ನೋಡಿ ಸರ್.

*ಇಯರ್‌ಫೋನ್ ಹಾಕಿಕೊಂಡೇ ನೋಡಿ, ಡಬ್ಬಿಂಗ್ ಬೇಡ ಅಂತ ಬರೆದಿದ್ದಿರಿ. ಸಬ್‌ಟೈಟಲ್ ಓದಿ ಓದಿ ಕಣ್ಣು ನೋವು. ಅಂಥದ್ದೇನಿದೆ? (ಓದುಗಿ, ಶಿರಸಿ)*

ದೋಂಗ್‌ಹುನ್ ಪಾತ್ರ ಮಾಡಿದ ಲೀ ಸನ್‌ಗ್ಯುನ್ ಧ್ವನಿ ಇದೆ. ನೆಲದಿಂದ ಬರುವ ಹಾಗಿನ ತಗ್ಗಿದ ಧ್ವನಿ, ಕೊರಿಯಾದಲ್ಲಿ ಅವರ ಹೆಸರಿಗಿಂತ ಧ್ವನಿ ಗುರುತಿಸುವವರೇ ಜಾಸ್ತಿ ಇದ್ದರೇನೋ. ಯೋಚಿಸಿ, ಈ ಕಥೆ ನಿಂತಿರುವುದೇ ಒಬ್ಬ ಹುಡುಗಿ ಒಬ್ಬನ ಧ್ವನಿಯನ್ನು ದಿನವಿಡೀ ಕೇಳುವುದರ ಮೇಲೆ. ಕೇಳಬೇಕು ಅನ್ನಿಸುವ ಧ್ವನಿ ಇಲ್ಲದಿದ್ದರೆ ಕಥೆ ಮೂರನೇ ಕಂತಿಗೇ ಬಿದ್ದುಹೋಗುತ್ತಿತ್ತು. ಅವರ ಉಸಿರು ಕೂಡ ನಟನೆ ಮಾಡುತ್ತದೆ. ರಾತ್ರಿ ಮನೆ ಬಾಗಿಲ ಮುಂದೆ ನಿಂತು ಒಳಗೆ ಹೋಗುವ ಮುಂಚೆ ಬಿಡುವ ಉಸಿರು ಕೇಳಿ. ಡಬ್ಬಿಂಗಿನಲ್ಲಿ ಇನ್ನೊಬ್ಬರ ಉಸಿರು ಕೊಟ್ಟರೆ ಏನು ಉಳಿಯಿತು?

‘ಪ್ಯಾರಸೈಟ್’ ಚಿತ್ರದ ಶ್ರೀಮಂತ ಯಜಮಾನ ಕೂಡ ಇವರೇ. ಅಲ್ಲಿ ಅದೇ ಧ್ವನಿ ಎಷ್ಟು ಬೇರೆ! 2023ರ ಡಿಸೆಂಬರ್ 27ರಂದು ತೀರಿಕೊಂಡರು, 48 ವರ್ಷ. ಆ ಸುದ್ದಿ ಬಂದ ಮೇಲೆ ನಾನು ಮತ್ತೆ ನೋಡಲು ಹೋಗಿ ಎರಡನೇ ಕಂತಿಗೇ ನಿಲ್ಲಿಸಿದೆ. ತಿಂಗಳುಗಟ್ಟಲೆ ಆಗಲಿಲ್ಲ.

*ಕ್ವಾಂಗಿಲ್‌ಗೆ ಅವಳ ಮೇಲೆ ಪ್ರೀತಿ ಇತ್ತು ಅಂತಾರೆ. ಪ್ರೀತಿ ಇದ್ದವನು ಹೀಗೆ ಹೊಡೆಯುತ್ತಾನಾ? ಸುಮ್ನೆ ವಿಲನ್‌ಗೆ ಬಣ್ಣ ಬಳಿಯುವುದು ಬೇಡ. (ಓದುಗಿ, ಕಲಬುರಗಿ)*

ಬಳಿಯುವುದಿಲ್ಲ. ಹೊಡೆತ ಹೊಡೆತವೇ. ಆದರೆ ಚಿಕ್ಕವನಿದ್ದಾಗ ಅವನು ಅವಳಿಗೆ ಅಡ್ಡ ನಿಂತು ತನ್ನ ಅಪ್ಪನ ಕೈಯಲ್ಲಿ ತಾನೇ ಹೊಡೆತ ತಿಂದವನು, ಇದನ್ನು ಹೇಳುವವಳು ಜಿಆನ್‌ಳೇ. ಅಪ್ಪ ಸತ್ತ ಮೇಲೆ ಅದೇ ಸಾಲದ ಪುಸ್ತಕ ಹಿಡಿದು ಅದೇ ಅಪ್ಪ ಆಗಿಬಿಟ್ಟ. ಕೊನೆಯ ಕಂತುಗಳಲ್ಲಿ ಆ ಕದ್ದ ರೆಕಾರ್ಡಿಂಗ್ ಅವನ ಕೈ ಸೇರುತ್ತದೆ. ಅವನೂ ಕೇಳುತ್ತಾನೆ, ಅವಳು ತನ್ನನ್ನು ‘ಒಳ್ಳೆ ಹುಡುಗ ಇದ್ದ’ ಅನ್ನುವುದನ್ನು. ಕೊನೆಗೆ ಅದನ್ನು ಮಾರಿಕೊಳ್ಳದೆ ದೋಂಗ್‌ಹುನ್‌ಗೇ ಕಳಿಸುತ್ತಾನೆ. ಅಳುವುದಿಲ್ಲ, ಕ್ಷಮೆ ಕೇಳುವುದಿಲ್ಲ. ಆ ಪಾತ್ರ ಮಾಡಿದ ಜಾಂಗ್ ಕಿಯಾಂಗ್ ಅದನ್ನು ಅಷ್ಟಕ್ಕೇ ನಿಲ್ಲಿಸಿದ್ದು ಒಳ್ಳೆಯದಾಯಿತು.

*ಯೂರಾ ಅನ್ನುವ ನಟಿಯ ಟ್ರ್ಯಾಕ್ ಯಾಕೆ? ಕಥೆಗೆ ಸಂಬಂಧವೇ ಇಲ್ಲ. (ಓದುಗ, ಬೆಂಗಳೂರು)*

ನನಗೂ ಮೊದಲು ಹಾಗೇ ಅನ್ನಿಸಿತ್ತು, ಕೆಲವು ಕಡೆ ಈಗಲೂ ಎಳೆದಿದ್ದಾರೆ ಅನ್ನಿಸುತ್ತದೆ. ಆದರೆ ನಟನೆ ಬಗ್ಗೆ ಕೇಳುವವರು ಅವಳನ್ನು ಬಿಡಬಾರದು. ಚಿತ್ರೀಕರಣದಲ್ಲಿ ನಿರ್ದೇಶಕ ಕಿಹುನ್, ಅಂದರೆ ದೋಂಗ್‌ಹುನ್‌ನ ತಮ್ಮ, ದಿನಾ ಬೈದೂ ಬೈದೂ ಅವಳಿಗೆ ಕ್ಯಾಮೆರಾ ಮುಂದೆ ಬಾಯೇ ಬರದಂತೆ ಆಗಿದೆ. ವರ್ಷಗಳಾದ ಮೇಲೆ ಅವನು ಮೆಟ್ಟಿಲು ಒರೆಸುವುದನ್ನು ನೋಡಿ ಅವಳಿಗೆ ಸಂತೋಷ, ಬಹಿರಂಗವಾಗಿ ಹೇಳುತ್ತಾಳೆ. ಹಾಳಾದವನೂ ನಗುತ್ತಾ ಬದುಕಬಹುದಾದರೆ ನಾನು ಹಾಳಾದರೂ ಪರವಾಗಿಲ್ಲ ಅನ್ನುವ ಸಮಾಧಾನ ಅದು. ಆಮೇಲೆ ಅವನು ಒಪ್ಪಿಕೊಳ್ಳುತ್ತಾನೆ: ಚಿತ್ರ ಕೆಟ್ಟದಾಗುತ್ತಿದೆ ಅಂತ ಅವನಿಗೆ ಗೊತ್ತಿತ್ತು, ತಪ್ಪು ಹೊರಿಸಲು ಒಂದು ತಲೆ ಬೇಕಿತ್ತು, ಅವಳು ಸಿಕ್ಕಳು. ಸೆಟ್ಟುಗಳಲ್ಲಿ ‘ನಟಿಗೆ ನಟನೆ ಬರಲ್ಲ’ ಅನ್ನುವ ಮಾತು ಹೇಗೆ ಹುಟ್ಟುತ್ತದೆ ಅಂತ ಇಷ್ಟು ನೇರವಾಗಿ ಇನ್ನೊಂದು ಕಡೆ ನಾನು ನೋಡಿಲ್ಲ.

*ಕೊನೆಯಲ್ಲಿ ಇಬ್ಬರೂ ಹಾಗೇ ಬೇರೆಯಾಗಿಬಿಟ್ಟರಲ್ಲ. ಇಷ್ಟಕ್ಕಾ 16 ಗಂಟೆ ಕೂತಿದ್ದು? (ಓದುಗಿ, ಉಡುಪಿ)*

16 ಅಲ್ಲ, ಒಂದೊಂದು ಕಂತು ಗಂಟೆಗಿಂತ ಜಾಸ್ತಿ ಇದೆ, ಲೆಕ್ಕ ಇನ್ನೂ ಮೇಲೆ ಹೋಗುತ್ತದೆ! ಅಜ್ಜಿ ತೀರಿಕೊಂಡಾಗ ಸಾಂಗ್‌ಹುನ್ ಕೂಡಿಟ್ಟ ದುಡ್ಡೆಲ್ಲ ಹಾಕಿ ಹೂವಿನ ಹಾರಗಳ ಸಾಲು ನಿಲ್ಲಿಸುತ್ತಾನೆ, ಬೀದಿಯವರೆಲ್ಲ ಬಂದು ಕೂರುತ್ತಾರೆ. ಯಾರೂ ಇಲ್ಲದವಳಿಗೆ ಊರು ಸಿಗುತ್ತದೆ. ಆಮೇಲೆ ಜಿಆನ್ ಬುಸಾನ್‌ಗೆ ಹೋಗುತ್ತಾಳೆ, ಯುನ್‌ಹಿ ತನ್ನ ಮಗನಿರುವ ಅಮೆರಿಕಕ್ಕೆ. ದೋಂಗ್‌ಹುನ್ ಖಾಲಿ ಮನೆಯಲ್ಲಿ ಒಬ್ಬನೇ ಕೂತು ಅಳುತ್ತಾನೆ. ಯಾರಿಗೂ ಗೊತ್ತಾಗದಿದ್ದರೆ ಏನೂ ಅಲ್ಲ ಅಂದವನು. ಈಗ ಕೇಳಿಸಿಕೊಳ್ಳಲು ಯಾರೂ ಇಲ್ಲ, ಆದರೂ ಏನೋ ಆಗಿದೆ.

ಕಾಲ ಸರಿದ ಮೇಲೆ ಅವನು ಸ್ವಂತ ಕಂಪನಿ ಮಾಡಿದ್ದಾನೆ, ಅವಳು ಸೋಲ್‌ಗೆ ವಾಪಸ್ ಬಂದಿದ್ದಾಳೆ, ಒಂದು ಕಾಫಿ ಅಂಗಡಿಯಲ್ಲಿ ಎದುರಾಗುತ್ತಾರೆ. ಕೈ ಕುಲುಕುತ್ತಾರೆ. ಜಿಆನ್ ಅನ್ನುವ ಹೆಸರಿಗೆ ನೆಮ್ಮದಿ ತಲುಪುವುದು ಅಂತ ಅರ್ಥ. ತಲುಪಿದೆಯಾ ಅಂತ ಅವನು ಮನಸ್ಸಿನಲ್ಲೇ ಕೇಳುತ್ತಾನೆ, ಹೂಂ ಅಂತ ಅವಳು ಮನಸ್ಸಿನಲ್ಲೇ ಹೇಳುತ್ತಾಳೆ. ಈ ಸಲ ಇಯರ್‌ಫೋನ್ ಇಲ್ಲ.

ಆದರೆ ನೀವು ಒಂದು ಮಾತು ಗಮನಿಸಲಿಲ್ಲ ಅನ್ನಿಸುತ್ತದೆ. ಕೊರಿಯಾದವರೂ ನಮ್ಮ ಹಾಗೇ ಸಿಕ್ಕಿದವರನ್ನು ‘ಊಟ ಆಯ್ತಾ’ ಅಂತ ಕೇಳುವ ಜನ. ಶುರುವಿನಲ್ಲಿ, ಇವನನ್ನು ಬಲೆಗೆ ಹಾಕಿಕೊಳ್ಳಲು ನೋಡುತ್ತಿದ್ದಾಗ, ಜಿಆನ್ ಒರಟಾಗಿ ಕೇಳಿದ್ದು ‘ಊಟ ಕೊಡಿಸಿ’ ಅಂತ. ಈಗ ಬೀಳ್ಕೊಡುವ ಮುಂಚೆ ಅವಳೇ ಅನ್ನುತ್ತಾಳೆ, ನಿಮಗೊಂದು ಒಳ್ಳೆ ಊಟ ಕೊಡಿಸಬೇಕು ಅಂತ. ಎಲ್ಲಿಗೆ ಹೋದರು, ಏನು ತಿಂದರು ಅಂತ ತೋರಿಸುವುದಿಲ್ಲ. ಬಿಲ್ ಮಾತ್ರ ಈ ಸಲ ಅವಳದು.